ತುಪ್ಪ ಕೊಡದ ಜೇನು

ಪಕ್ಕದ ಮನೆಯ ಹುಲ್ಲಿನಲ್ಲಿ ನಿನ್ನೆ ಒಂದು ಸಣ್ಣ ಹಳದಿ ಬಾವುಟ ನೆಟ್ಟಿದ್ದರು. ಔಷಧಿ ಹೊಡೆದಿದೆ, ಕಾಲಿಡಬೇಡಿ ಎಂಬ ಸೂಚನೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಟೀಚರ್ ನೆನಪಾದರು... ಅವರ ಜೊತೆಗೆ ನನ್ನ ಮೇಲೇ ನನಗಿರುವ ಹಳೆಯ ಸಿಟ್ಟೂ.

ನಾವು ಹಿಲ್ಸ್‌ಬರೋದಲ್ಲಿ ಮನೆ ಕೊಂಡ ಹೊಸತು. ಕಂಪ್ಯೂಟರ್ ಬಲ್ಲವರನ್ನು ಅಮೆರಿಕ ಕೈಬೀಸಿ ಕರೆಯುತ್ತಿದ್ದ ಕಾಲ. ನಮ್ಮಂಥವರ ಮಕ್ಕಳಿಗೆ ಟೀಚರ್ ಭಾನುವಾರ ನಮ್ಮ ಬೇಸ್‌ಮೆಂಟಿನಲ್ಲಿ ಕನ್ನಡ ಕಲಿಸುತ್ತಿದ್ದರು. ಧಾರವಾಡದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದವರು. ಇಲ್ಲಿಗೆ ಗಂಡನ ವೀಸಾದ ಮೇಲೆ ಬಂದದ್ದರಿಂದ ಕೆಲಸ ಮಾಡುವ ಹಾಗಿರಲಿಲ್ಲ. ವಾರಕ್ಕೊಂದು ಗಂಟೆಯ ಆ ಕ್ಲಾಸೇ ಅವರಿಗೆ ಉಳಿದಿದ್ದ ಕಾಲೇಜು.

ಏಪ್ರಿಲ್ ಬಂದರೆ ಮಕ್ಕಳನ್ನು ಹಿತ್ತಲಿಗೆ ಕರೆದೊಯ್ಯುತ್ತಿದ್ದರು. ಮೇಪಲ್ ಮರದಡಿ ಹುಲ್ಲು ಹತ್ತದ ಬೋಳು ಜಾಗದಲ್ಲಿ ಸಣ್ಣ ಸಣ್ಣ ತೂತುಗಳು. ಒಂದೊಂದರಲ್ಲೂ ಒಂದೊಂದು ತಾಯಿ ಕಾಡುಜೇನು. ರಾಣಿಯಿಲ್ಲ, ಆಳಿಲ್ಲ, ಎಲ್ಲವೂ ಅವಳೊಬ್ಬಳೇ. ಈ ಬೋಳು ನೆಲವೇ ಅವಳ ಮನೆ, ಯಾರೂ ಮುಟ್ಟಬಾರದು ಎಂದು ಟೀಚರ್ ಮಕ್ಕಳಿಂದ ಮಾತು ತೆಗೆದುಕೊಂಡಿದ್ದರು. ಕನ್ನಡದಲ್ಲಿ ಹೆಸರು ಬರೆಯಲು ಕಲಿತವರಿಗೆ ಒಂದು ತೂತು. ಅದರ ಪಕ್ಕ ಹೆಸರು ಬರೆದ ಐಸ್‌ಕ್ರೀಮ್ ಕಡ್ಡಿ. ಎರಡು ವರ್ಷ ಒತ್ತಕ್ಷರಕ್ಕೆ ಅಳುತ್ತಿದ್ದ ನನ್ನ ಮಗ ಒಂದೇ ವಾರದಲ್ಲಿ ಕಲಿತ.

"ತುಪ್ಪ ಕೊಡದ್ದು ಯಾವ ಸೀಮೆ ಜೇನು ಟೀಚರ್? ಬರೀ ಹುಳ!" ಎಂದು ನಾನು ನಕ್ಕಿದ್ದೆ.

"ತುಪ್ಪ ಕೊಡದಿದ್ರ ಹುಳಾ ಆಗ್ತದೇನ್ರೀ? ನಿಮ್ಮ ಮೈಸೂರು ಕಡೆ ಹಾರೂದು, ಹರಿಯೂದು ಎಲ್ಲಾ ಹುಳಾನ!" ಎಂದು ಅವರೂ ನಕ್ಕರು.

ಆಮೇಲೆ ಬಡಾವಣೆಯ ಸಂಘದಿಂದ ಕಾಗದ ಬಂತು: ಬೋಳು ಜಾಗ ಸರಿಮಾಡಿ. ಗ್ರೀನ್ ಕಾರ್ಡಿಗೆ ಕಾಯುತ್ತಿದ್ದವನು ನಾನು. ಯಾವ ಲೆಟರ್‌ಹೆಡ್ ಕಂಡರೂ ಎದೆ ಧಸಕ್ ಎನ್ನುತ್ತಿತ್ತು. ಜರ್ಸಿ ಸಿಟಿಯ ಆಫೀಸಿನಿಂದಲೇ ಲಾನ್ ಕಂಪನಿಗೆ ಫೋನ್ ಮಾಡಿದೆ. ಏನು ಪ್ರಾಬ್ಲಮ್ ಎಂದು ಅಲ್ಲಿಯವನು ಕೇಳಿದ. ಬೋಳು ಜಾಗ, ನೆಲದಲ್ಲೆಲ್ಲಾ ತೂತು ಎಂದೆ; ಯಾವುದರ ತೂತು ಎಂದ. ತಲೆಯಲ್ಲಿದ್ದದ್ದು ಹುಳ, ಬಾಯಿಗೆ ಬಂದದ್ದು ವರ್ಮ್ಸ್. ಬೀಸ್ ಎನ್ನಬೇಕೆಂದು ಹೊಳೆಯಲೇ ಇಲ್ಲ. "ಯು ಮೀನ್ ಗ್ರಬ್ಸ್?" ಎಂದು ಕೇಳಿದ. ಅವು ಹುಲ್ಲಿನ ಬೇರು ತಿನ್ನುವ, ವಿಷ ಹೊಡೆದು ಕೊಲ್ಲುವ ಮರಿಹುಳುಗಳೆಂದು ತಿಳಿಯದೆಯೇ ಯೆಸ್ ಎಂದೆ. ಇಂಟರ್‌ವ್ಯೂನಲ್ಲೂ ಗೊತ್ತಿಲ್ಲದ್ದಕ್ಕೆಲ್ಲ ಯೆಸ್ ಎಂದೇ ಬಂದವನಲ್ಲವೇ!

ಭಾನುವಾರ ಮಕ್ಕಳು ನೋಟ್‌ಬುಕ್ ಹಿಡಿದು ಓಡಿಹೋದರೆ ಅಲ್ಲಿ ಹಳದಿ ಬಾವುಟ. ಕಡ್ಡಿಗಳನ್ನು ಕಿತ್ತು ಮೂಲೆಗೆ ಹಾಕಿದ್ದರು. ತೂತುಗಳ ಬಾಯಲ್ಲಿ ಜೇನುಗಳು ಮಗುಚಿ ಬಿದ್ದಿದ್ದವು.

"ಡ್ಯಾಡ್, ಯು ಕಿಲ್ಡ್ ಮೈ ಜೇನು!" ಎಂದು ಮಗ ಕಿರುಚಿದ. ಇಂಗ್ಲಿಷ್ ಬಿಟ್ಟು ಮಾತಾಡದ ಹುಡುಗ ಆ ಒಂದು ಪದ ಮಾತ್ರ ಕನ್ನಡದಲ್ಲಿ ಹೇಳಿದ್ದ.

ಟೀಚರ್ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಏನಂತ ಹೇಳಿದ್ರಿ ಆ ಔಷಧಿಯವಂಗ?"

"ಹುಳ ಅಂತ..."

"ತಪ್ಪು ನಂದ ರೀ. ಮಕ್ಕಳಿಗೆ ಕಲಿಸಿದೆ, ಅಪ್ಪಗ ಕಲಿಸಲಿಲ್ಲ," ಎಂದು ಬಗ್ಗಿ ಕಡ್ಡಿಗಳನ್ನು ಆಯ್ದು, ಹೆಸರು ಓದಿ ಓದಿ ಮಕ್ಕಳಿಗೆ ಹಿಂತಿರುಗಿಸಿದರು.

ಕೆಲವೇ ವಾರಗಳಲ್ಲಿ ಅವರ ಗಂಡನ ಪ್ರಾಜೆಕ್ಟ್ ನಿಂತುಹೋಗಿ ಅವರು ಊರಿಗೆ ಮರಳಿದರು. ಸಾರಿ ಎಂಬ ಎರಡಕ್ಷರ ನನ್ನ ಬಾಯಿಂದ ಬರಲೇ ಇಲ್ಲ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು. ಅಂದು ಮರದಡಿ ಹಾಕಿಸಿದ ಹುಲ್ಲೂ ಆ ವರ್ಷವೇ ಒಣಗಿತ್ತು. ಆ ಜಾಗವನ್ನು ಬೋಳಾಗಿಯೇ ಬಿಟ್ಟಿದ್ದೇನೆ, ಸಂಘದ ಕಾಗದಗಳನ್ನು ಕಸಕ್ಕೆ ಹಾಕುತ್ತೇನೆ. ಪ್ರತಿ ಏಪ್ರಿಲ್ ಮಂಡಿನೋವಿನಲ್ಲೇ ಬಗ್ಗಿ ನೋಡಿದರೆ ಬರೀ ಇರುವೆ...

ಇವತ್ತು ಬೆಳಿಗ್ಗೆ ಪಕ್ಕದ ಮನೆಗೆ ಹೊಸದಾಗಿ ಬಂದ ಮೈಸೂರಿನ ಯುವಕನನ್ನು ತಡೆಯಲಾರದೆ ಕೇಳಿದೆ, ಔಷಧಿ ಯಾಕಪ್ಪಾ ಹೊಡೆಸಿದೆ ಎಂದು.

"ಹುಳ ಅಂಕಲ್. ನೆಲದಲ್ಲೆಲ್ಲಾ ತೂತು."

"ಅದು ಹುಳ ಅಲ್ಲಪ್ಪ, ಜೇನು."

ಅಂದು ನಾನು ನಕ್ಕ ಹಾಗೆಯೇ ಅವನೂ ನಕ್ಕ. "ಜೇನಾ? ಮತ್ತೆ ತುಪ್ಪ ಎಲ್ಲಿ ಅಂಕಲ್?"