ಮಿರಜದ ಕಡಗ
ಕೀಬೋರ್ಡು, ಟಚ್‌ಪ್ಯಾಡು ಎರಡೂ ಸತ್ತಾವೆಂದು ಐಗಳಿಯ ಮಾಸ್ತರೊಬ್ಬರು ಅಥಣಿಯ ನನ್ನ ರಿಪೇರಿ ಅಂಗಡಿಗೆ ಲ್ಯಾಪ್‌ಟಾಪು ತಂದರು. ಹಿಂದಕ್ಕೆ ಮಡಚಿದರೆ ಟ್ಯಾಬ್ ಆಗುವಂಥದ್ದು. ನಾನು ಒತ್ತಿದರೆ ಅಕ್ಷರ ಮೂಡುತ್ತಿದ್ದವು. ಅವರು ಕೈಯಿಟ್ಟರೆ ಒಂದೂ ಇಲ್ಲ!

"ನನ್ನ ಕೈಗೇನಾಗೇತ್ರಿ?" ಮಾಸ್ತರು ಗಾಬರಿಯಾದರು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಸ್ಕ್ರೂ ಒಂದು ಟಣ್ಣನೆ ಜಿಗಿದು ಅವರ ಮುಂಗೈಗೆ ಅಂಟಿತು. ಬಿಪಿಗೆಂದು ಮಿರಜದಲ್ಲಿ ಕೊಂಡ ಅಯಸ್ಕಾಂತದ ಕಡಗ! ಮಡಚಿದ್ದು ಇಂಥ ಲ್ಯಾಪ್‌ಟಾಪಿಗೆ ತಿಳಿಯುವುದೇ ಒಳಗಿನ ಅಯಸ್ಕಾಂತದಿಂದ. ಕಡಗ ಹತ್ತಿರ ಬಂದೊಡನೆ ಅದು ತನ್ನನ್ನು ಮಡಚಿ ಟ್ಯಾಬ್ ಮಾಡಿದರೆಂದು ಮೋಸಹೋಗಿ ಕೀಬೋರ್ಡು, ಟಚ್‌ಪ್ಯಾಡು ಬಂದ್ ಮಾಡುತ್ತಿತ್ತು.

"ಸಿಕ್ತ್ರೀ ಸರ!" ಎಂದು ಕುಣಿದಾಡಿ ಕಡಗ ಬಿಚ್ಚಿಸಿದೆ. ಎಲ್ಲ ಸರಿಹೋಯಿತು.

ಮಾಸ್ತರು ಲ್ಯಾಪ್‌ಟಾಪಿನ ಕಡೆ ನೋಡಲೂ ಇಲ್ಲ. ಹೆಂಡತಿಗೆ ಫೋನ್ ಹಚ್ಚಿದರು: "ಸುಳ್ಳ ಕಡಗ ಅಂತಿದ್ದೆಲ್ಲಾ? ಕಂಪ್ಯೂಟರ್ ಬಂದ್ ಮಾಡೋವಷ್ಟು ಪವರ್ ಐತಂತ!"

ಕಡಗ ಮತ್ತೆ ಮುಂಗೈಗೇರಿತು. ನನ್ನ ರಿಪೇರಿ ಅಲ್ಲಿಗೆ ಕೆಟ್ಟಿತು.