ಶನಿವಾರ ಮಿಷನ್ ಬದಲಿಸುತ್ತಿದ್ದ ಅಕ್ಕ

ಅಕ್ಕನ ಬಲಗಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಎಂಟು ವರ್ಷ ಆ ಕಿವಿಯನ್ನು ಮಿಷನ್ ಸಾಲಿನ ಕಡೆ ಕೊಟ್ಟು ಕೂತದ್ದರ ಫಲ. ಹಾಗಾಗಿ ಯಾರು ಮಾತಾಡಿದರೂ ಕುತ್ತಿಗೆ ಹೊರಳಿಸಿ, ಎಡಗಿವಿಯನ್ನು ಅವರ ಬಾಯಿಯ ಹತ್ತಿರಕ್ಕೇ ತರುತ್ತಿದ್ದರು. ಕಾರಣ ಎಲ್ಲರಿಗೂ ಗೊತ್ತಿತ್ತು. ಆದರೂ ನಮ್ಮ ಹೊಲಿಗೆ ಶೆಡ್ಡಿನ ಪ್ರತಿ ಹುಡುಗಿಗೂ, ಅಕ್ಕ ಇಷ್ಟು ಹತ್ತಿರ ಬಂದು ಕೇಳುವುದು ನನ್ನ ಮಾತನ್ನು ಮಾತ್ರ ಅನ್ನಿಸುತ್ತಿತ್ತು. ಅಡುಗೆಮನೆಯ ಕಿಟಕಿಯಿಂದ ನಾನು ಅದನ್ನು ನೋಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯುತ್ತಿತ್ತು.

ಆಂಧ್ರದ ಗಡಿಯ ನಮ್ಮ ರಾಯದುರ್ಗದ ಓಣಿ ಓಣಿಯಲ್ಲೂ ಜೀನ್ಸ್ ಹೊಲಿಗೆ ಶುರುವಾಗಿದ್ದ ವರ್ಷಗಳವು. ನಮ್ಮ ಮನೆಯವರು ಹಿತ್ತಲಲ್ಲಿ ಶೀಟು ಹೊದಿಸಿ ಹದಿನಾಲ್ಕು ಮಿಷನ್ ಹಾಕಿಸಿದ್ದರು. ಬೆಂಗಳೂರು ಬಿಟ್ಟು ಬಂದಿದ್ದ ಅಮರಾಪುರದ ಕಡೆಯ ಈ ಅಕ್ಕ ಸೂಪರ್‌ವೈಸರ್ ಆದರು. ಓದಿದ್ದು ಏಳನೇ ಕ್ಲಾಸು. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಕಲಿತವಳು. ನನ್ನನ್ನು ಕಂಡರೆ ಹುಡುಗಿಯರು ಎದ್ದು ನಿಲ್ಲುತ್ತಿದ್ದರು. ಅಕ್ಕನನ್ನು ಕಂಡರೆ ಸರಿದು ಕೂರಲು ಜಾಗ ಕೊಡುತ್ತಿದ್ದರು. ಮನೆಯವರೂ ಕಡಿಮೆಯಿಲ್ಲ. ಬಾಗಿಲ ಪರದೆಗೆ ಯಾವ ಬಟ್ಟೆ ತರಲಿ ಎಂದು ನಾನು ಕೇಳಿದರೆ, "ಅಕ್ಕನ್ನ ಒಂದ್ಮಾತು ಕೇಳು, ಆಕಿಗೆ ಬಟ್ಟಿ ಚಲೋ ಗೊತ್ತಾಗತೈತಿ" ಅನ್ನುತ್ತಿದ್ದರು. ನನ್ನ ಮನೆಯ ಪರದೆಗೆ!

ಶನಿವಾರ ಮಧ್ಯಾಹ್ನದ ಮೇಲೆ ಅಕ್ಕ ಎಲ್ಲರ ಜಾಗ ಬದಲಿಸುತ್ತಿದ್ದರು. ಜೇಬು ಹೊಲಿಯುವವಳು ಸೊಂಟದ ಪಟ್ಟಿ ಕೂಡಿಸುವ ಬೆಲ್ಟಿನ ಮಿಷನ್ನಿಗೆ, ಬೆಲ್ಟಿನವಳು ಜಿಪ್ಪಿಗೆ. ಅರ್ಧ ದಿನದ ಕೆಲಸ ಕುಂಟುತ್ತಿತ್ತು. ಮನೆಯವರು ಗೊಣಗಿದಾಗ ಅಕ್ಕ ನಕ್ಕು ಹೇಳಿದ್ದು ನನಗೆ ಇನ್ನೂ ನೆನಪಿದೆ: "ಎಂಟು ವರ್ಸ ಎಡಗಡೆ ಹಿಂದಿನ ಜೇಬು ಒಂದೇ ಹೊಲ್ದಿವ್ನಿ ಸಾವ್ಕಾರ್ರೆ. ಒಂದು ಪ್ಯಾಂಟು ಪೂರ್ತಿ ಹೆಂಗಾಗ್ತೈತೆ ಅಂತ ನಂಗೇ ಗೊತ್ತಿರ್ಲಿಲ್ಲ. ಈ ಮಕ್ಳಿಗೆ ಹಂಗಾಗೋದು ಬ್ಯಾಡ."

ಎಲ್ಲ ಮಿಷನ್ ಕಲಿತವಳು ಕಟಿಂಗಿನಿಂದ ಗುಂಡಿಯವರೆಗೆ ಒಂದು ಪ್ಯಾಂಟನ್ನು ಒಬ್ಬಳೇ ಹೊಲಿಯಬೇಕು. ಅದನ್ನು ಒಳಹೊರಗು ಮಾಡಿ ಒಂದು ದಿನ ಶೆಡ್ಡಿನ ತಂತಿಯ ಮೇಲೆ ಹಾಕುತ್ತಿದ್ದರು. ಹೊಲಿಗೆಯ ಗುಟ್ಟೆಲ್ಲ ಒಳಗೇ ತಾನೆ ಇರುವುದು. ಹುಡುಗಿಯರು ಮುಟ್ಟಿ ಮುಟ್ಟಿ ನೋಡಿ, "ಲೇ, ನಿನ್ನ ದಾರ ನಿನ್ನಂಗೇ ಸೊಟ್ಟ ಐತಿ ನೋಡು" ಎಂದು ಕಾಲೆಳೆಯುತ್ತಿದ್ದರು. ಹಾಗೆ ಪಳಗಿದ ಕೆಲವರು ಶೆಡ್ಡು ಬಿಟ್ಟು ಮನೆಯಲ್ಲೇ ಎರಡು ಮಿಷನ್ ಹಾಕಿಕೊಂಡರು. ಅವರ ಮಿಷನ್ನಿಗೆ ಕುಂಕುಮ ಹಚ್ಚಲು ಅಕ್ಕನೇ ಹೋಗುತ್ತಿದ್ದರು. ನನ್ನನ್ನು ಯಾರೂ ಕರೆಯಲಿಲ್ಲ.

ಒಮ್ಮೆ ತಾಯಿಗೆ ಹುಷಾರಿಲ್ಲವೆಂದು ಅಕ್ಕ ಹತ್ತು ದಿನ ಊರಿಗೆ ಹೋದರು. "ಶೆಡ್ಡು ನಾನ್ ನೋಡ್ಕೋತೀನಿ" ಎಂದೆ. ಮನೆಯವರು ತಲೆ ಎತ್ತಿ, ನಂಬಿಕೆಯಿಲ್ಲದೆ ನನ್ನನ್ನು ನೋಡಿದ ರೀತಿಗೇ ಛಲ ಹುಟ್ಟಿತು. ಅಕ್ಕನಿಲ್ಲದೆಯೂ ಶೆಡ್ಡು ನಡೆಯುತ್ತದೆ, ನನ್ನ ಮಾತಿನ ಮೇಲೂ ನಡೆಯುತ್ತದೆ ಎಂದು ತೋರಿಸಬೇಕಿತ್ತು. ದುಂಡಗಿನ ಅಕ್ಷರದಲ್ಲಿ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದೆ. ಮೊದಲನೆಯದು: ಯಾರೂ ತಮ್ಮ ಮಿಷನ್ ಬಿಟ್ಟು ಏಳಬಾರದು. ಮೂರು ದಿನ ಶೆಡ್ಡು ಚರ್ಚಿನಷ್ಟು ಶಿಸ್ತಾಗಿತ್ತು. ನಾನು ಬೀಗಿದೆ.

ನಾಲ್ಕನೆಯ ದಿನ ಜಿಪ್ಪಿನ ಹುಡುಗಿಗೆ ಜ್ವರ. ಜಿಪ್ಪಿಲ್ಲದ ಪ್ಯಾಂಟುಗಳು ಗುಡ್ಡೆ ಬಿದ್ದವು. ಉಳಿದವರು ಕೈಕಟ್ಟಿ ಕೂತಿದ್ದರು.

"ಯಾರಿಗೂ ಜಿಪ್ಪು ಬರಲ್ಲೇನ್ರೇ?"

"ಬರತೈತ್ರಿ ಮೇಡಂ. ಏಳಬ್ಯಾಡ ಅಂತ ನೀವೇ ಬರ್ದೀರಲ್ರಿ."

ನಗುತ್ತಿದ್ದಾರೋ ಏನೋ ಅನ್ನಿಸಿತು. ಹಟದಿಂದ ನಾನೇ ಆ ಮಿಷನ್ನಿಗೆ ಕೂತೆ. ಕಾನ್ವೆಂಟಿನಲ್ಲಿ ಹೊಲಿಗೆಗೆ ಬಹುಮಾನ ಪಡೆದವಳಲ್ಲವೇ. ಸಂಜೆಯೊಳಗೆ ನಲವತ್ತು ಮುಗಿಸಿದೆ, ಮರುದಿನ ಇನ್ನೂ ನಲವತ್ತು. ಯಾರೂ ತುಟಿ ಬಿಚ್ಚಲಿಲ್ಲ.

ಅದರ ಮರುದಿನ, ಹೇಳಿದ್ದಕ್ಕಿಂತ ಮೊದಲೇ, ಅಕ್ಕ ಬಾಗಿಲಲ್ಲಿ ಕಂಡರು. "ಅಕ್ಕ ವಚ್ಚಿಂದಿ!" ಎಂದು, ಅಕ್ಕ ಬಂದರೆಂದು, ಯಾರೋ ತೆಲುಗಿನಲ್ಲಿ ಕೂಗಿದರು. ಆ ಕೂಗಿನಲ್ಲಿದ್ದ ನಿರಾಳ ನನ್ನ ಎದೆಗೆ ಚುಚ್ಚಿತು. ಅಕ್ಕ ನಾನು ಹೊಲಿದ ಒಂದು ಪ್ಯಾಂಟು ಎತ್ತಿ ನೋಡಿದರು. ಗಂಡಸರ ಪ್ಯಾಂಟಿನಲ್ಲಿ ಜಿಪ್ಪು ಮುಚ್ಚುವ ಪಟ್ಟಿ ಎಡಗಡೆ ಬರಬೇಕು. ನಾನು ಎಂಬತ್ತಕ್ಕೂ ಬಲಗಡೆ ಇಟ್ಟಿದ್ದೆ, ನನ್ನ ಮಗಳ ಪ್ಯಾಂಟಿನ ಹಾಗೆ.

"ಯಾರೂ ನೋಡ್ಲಿಲ್ವೇನ್ರಮ್ಮಿ?" ಎಂದರು ಅಕ್ಕ.

"ಮೊದಲ್ನೇದಕ್ಕೇ ನೋಡಿದ್ವಿ ಅಕ್ಕಾ," ಎಂದಳು ಬೆಲ್ಟಿನ ಹುಡುಗಿ, ನೆಲ ನೋಡುತ್ತ. "ಮೇಡಂಗೆ ಹೆಂಗ ಹೇಳಾದು?"

ಅಕ್ಕನಿಗಾದರೆ ಆ ಕ್ಷಣವೇ ಹೇಳುತ್ತಿದ್ದರು. ನನಗೆ ಇಲ್ಲದ್ದು ಏನು, ಅವರಿಗೆ ಇದ್ದದ್ದು ಏನು ಎಂದು ಅಷ್ಟು ದಿನ ಕಿಟಕಿಯಲ್ಲಿ ನಿಂತು ಹುಡುಕಿದವಳಿಗೆ ಉತ್ತರ ಸಿಕ್ಕಿತು. ಸಿಕ್ಕಿತೆಂದು ಸಂತೋಷವೇನೂ ಆಗಲಿಲ್ಲ.

ಅಷ್ಟರಲ್ಲಿ ಮನೆಯವರು ಬಂದರು. ಗುಡ್ಡೆ ನೋಡಿ ಮುಖ ಕೆಂಪಾಯಿತು. "ಯಾರು ಮಾಡಿದ್ದಿದು?"

ಅಕ್ಕ ಮುಂದೆ ಬಂದರು. "ನಂದೇ ತಪ್ಪು ಸಾವ್ಕಾರ್ರೆ. ಹೋಗೋಕ್ ಮುಂಚೆ ಅಮ್ಮಾರಿಗೆ ಹೇಳ್ಕೊಟ್ಟು ಹೋಗ್ಬೇಕಾಗಿತ್ತು, ಕೊಡ್ಲಿಲ್ಲ."

ಉಪಕಾರವಾಯಿತೆಂದು ನನಗೆ ಅನ್ನಿಸಬೇಕಿತ್ತು. ಅನ್ನಿಸಿದ್ದು ಇಷ್ಟೇ: ನನ್ನ ತಪ್ಪನ್ನೂ ಇವರೇ ತೆಗೆದುಕೊಂಡರಲ್ಲ! "ಅಕ್ಕಂದಲ್ರಿ, ನಂದು," ಎಂದೆ. ದನಿ ಜೋರಾಗಿಯೇ ಬಂತು. "ನಾನೇ ಹೊಲ್ದಿದ್ದು. ಗೊತ್ತಿಲ್ದೇ ಹೊಲ್ದೆ. ಯಾರನ್ನೂ ಕೇಳ್ಲಿಲ್ಲ." ಒಳ್ಳೆಯತನದಿಂದ ಹೇಳಿದ ಮಾತಲ್ಲ ಅದು. ಅವರಿಗೆ ಬಿಟ್ಟುಕೊಡಬಾರದೆಂದು ಹೇಳಿದ್ದು.

ಅಕ್ಕ ನನ್ನತ್ತ ನೋಡಿ ಸಣ್ಣಗೆ ನಕ್ಕರು. ಹೊಲಿಗೆ ಬಿಚ್ಚುವ ಒಂದು ಬ್ಲೇಡು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು, ನೆಲದ ಮೇಲೆ ಕೂತರು. "ನಲವತ್ತು ನಿಮ್ಗೆ, ನಲವತ್ತು ನಂಗೆ. ಬನ್ನಿ ಅಮ್ಮಾರೆ." ಎರಡು ನಿಮಿಷವಾಗಿರಲಿಲ್ಲ, ಬೆಲ್ಟಿನ ಹುಡುಗಿ ಹತ್ತಿರ ಬಂದು, "ಮೇಡಂ, ಬ್ಲೇಡು ಹಂಗ ಹಿಡ್ಕಂಡ್ರ ಬಟ್ಟಿ ಹರಿತೈತ್ರಿ" ಎಂದಳು. ಆ ಶೆಡ್ಡಿನಲ್ಲಿ ನನ್ನನ್ನು ತಿದ್ದಿದ ಮೊದಲ ಮಾತದು. ಆಮೇಲೆ ನಾನು ಶನಿವಾರಗಳಂದು ಅವರ ಜೊತೆ ಕೂರತೊಡಗಿದೆ. ಆದರೆ ಅಕ್ಕ ಬೇರೆಯವಳ ಪಕ್ಕ ಹೆಚ್ಚು ಹೊತ್ತು ಕೂತರೆ ಗಡಿಯಾರ ನೋಡುತ್ತಿದ್ದೆ. ಅವರ ಮೇಲಿದ್ದ ಹೊಟ್ಟೆಕಿಚ್ಚು ಅವರಿಗಾಗಿ ಉರಿಯತೊಡಗಿತ್ತು, ಅಷ್ಟೇ ವ್ಯತ್ಯಾಸ.

ಹೋದ ವರ್ಷ ಅಕ್ಕ ತೀರಿಕೊಂಡ ಸುದ್ದಿ ಬಂತು. ಅಮರಾಪುರಕ್ಕೆ ಹೋದೆ. ಅಂಗಳದ ತುಂಬ ಹೆಂಗಸರು. ಕೆಲವರು ನಮ್ಮ ಶೆಡ್ಡಿನವರು, ಹೆಚ್ಚಿನವರು ಅಕ್ಕ ನಮ್ಮ ಶೆಡ್ಡು ಬಿಟ್ಟ ಮೇಲೆ ಎಲ್ಲೆಲ್ಲೋ ಅವರ ಕೈಯಲ್ಲಿ ಕಲಿತವರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗೊರೆಸಿಕೊಂಡು, ನನ್ನ ಗುರುತಿಲ್ಲದೆ, ಕೇಳಿದಳು:

"ನಾನು ಬೆಂಗ್ಳೂರಾಗೇ ಅಕ್ಕನ ಕೈಯಾಗೆ ಜೇಬು ಹೊಲಿಯೋದು ಕಲ್ತೋಳು. ನೀವು ಯಾವಾಗ ಕಲ್ತಿದ್ದು?"

ಸಾವುಕಾರರ ಹೆಂಡತಿ ಎಂದು ಹೇಳಬಹುದಿತ್ತು. ನಾಲಿಗೆಗೆ ಅದು ಬರಲಿಲ್ಲ.

"ನಿಮ್ಕಿಂತ ಮುಂಚೇನೇ," ಎಂದೆ.

ಸಾವಿನ ಮನೆಯಲ್ಲಿ ಕೂತು ಹೇಳಿದ ಸುಳ್ಳು. ಇವತ್ತಿಗೂ ಅದನ್ನು ಹಿಂತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ.