ಕದ್ದ ಆಟದ ಮೊದಲ ಸಾಲು

ಬೇರೆಯವರ ಮನೆಯಲ್ಲಿ ಹಳೆಯ ಕಂಪ್ಯೂಟರ್ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಹೊಸದು ಕಂಡರೆ ಏನೂ ಆಗುವುದಿಲ್ಲ. ಡಬ್ಬದಂಥ ಪರದೆಯ, ಕಸೂತಿ ಬಟ್ಟೆ ಹೊದಿಸಿಟ್ಟ, ಶುರುವಾಗುವಾಗ ಉಬ್ಬಸದವರಂತೆ ಏದುಸಿರು ಬಿಡುವ ಹಳೆಯದನ್ನು ಕಂಡರೆ ಮಾತ್ರ. ಇದರೊಳಗೂ ನಮ್ಮ ಮಂಜ ಇದ್ದಾನೋ ಏನೋ ಎಂದು ಕಾಫಿ ಕುಡಿಯುತ್ತಲೇ ಅದರ ಕಡೆ ನೋಡುತ್ತಿರುತ್ತೇನೆ.

ಮಂಜ ನನ್ನ ತಮ್ಮ. ತೊಂಬತ್ತರ ದಶಕದ ಕೊನೆಯಲ್ಲಿ ಹೊಳೆನರಸೀಪುರದಿಂದ ದಿನವೂ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಅಲ್ಲೊಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದ. ಬರುವಾಗ ಮನೆಯ ಕಂಪ್ಯೂಟರಿಗೆಂದು ಫ್ಲಾಪಿಗಳಲ್ಲಿ ಆಟಗಳನ್ನು ತುಂಬಿಕೊಂಡು ಬರುತ್ತಿದ್ದ. ಅವನಿಗೆ ತುಂಬಾ ಹಿಡಿಸಿದ್ದು ಒಂದು ಆಟ. ಮೇಲೆ ಬಣ್ಣದ ಇಟ್ಟಿಗೆಯ ಗೋಡೆ, ಕೆಳಗೆ ಒಂದು ಹಲಗೆ, ನಡುವೆ ಪುಟಿಯುವ ಚೆಂಡು. ಚೆಂಡನ್ನು ಬೀಳಿಸದೆ ಗೋಡೆ ಒಡೆಯಬೇಕು, ಅಷ್ಟೇ. ನನಗೆ ಅಷ್ಟೂ ಬರುತ್ತಿರಲಿಲ್ಲ. ಹಲಗೆಯನ್ನು ನಾನು ಎಡಕ್ಕೆ ಒಯ್ದರೆ ಚೆಂಡು ಬಲಕ್ಕೆ ಬೀಳುತ್ತಿತ್ತು. "ನೀನು ಆಡಕ್ಕ, ಗೋಡೆಗೇನೂ ಭಯ ಇಲ್ಲ," ಅನ್ನುತ್ತಿದ್ದ.

ಈ ಆಟಗಳೆಲ್ಲ ಕದ್ದವು ಎಂದು ಗೊತ್ತಾದಾಗ ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಅಪ್ಪನದು ಪಾತ್ರೆ ಅಂಗಡಿ. ಅಂಗಡಿಯಿಂದ ಒಂದು ಚಮಚ ಕಾಣೆಯಾದರೂ ಅವರಿಗೆ ಊಟ ಸೇರುತ್ತಿರಲಿಲ್ಲ.

"ಕದ್ದಿಲ್ಲಪ್ಪ, ನಕಲು ಮಾಡ್ಕೊಂಡೆ. ಪಕ್ಕದ ಮನೆಯವ್ರು ಬಂದು ಹೆಪ್ಪು ಈಸ್ಕೊಂಡು ಹೋದ್ರೆ ನಮ್ಮ ಮೊಸರು ಕಮ್ಮಿ ಆಯ್ತದಾ?" ಎಂದ ಮಂಜ.

"ಹೆಪ್ಪು ಸರಿ ಕಣ್ಲಾ. ಹಾಲು ಯಾರು ಕೊಟ್ರು? ಹಸ ಸಾಕ್ದೋನು ಗಾಳಿ ಕುಡ್ಕೊಂಡು ಇರ್ಬೇಕಾ?" ಎಂದರು ಅಪ್ಪ.

ಮಂಜ ಎದ್ದು ಹೋಗಿ ಆಟ ಹಾಕಿದ. ಸ್ವಲ್ಪ ಹೊತ್ತಿಗೆ ಅಪ್ಪನೂ ಹಿಂದೆ ಹೋಗಿ ನಿಂತು, "ಎಡಕ್ ಬಿಡ್ಲಾ, ಎಡಕ್ಕೆ," ಅನ್ನುತ್ತಿದ್ದರು.

ಜನ ಯಾಕೆ ಹೀಗೆ ನಕಲು ಮಾಡುತ್ತಾರೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ದುಡ್ಡಿಲ್ಲದ್ದು ಒಂದು ಕಾರಣ, ನಿಜ. ದುಡ್ಡಿದ್ದವರಿಗೂ ಆಗ ನಮ್ಮ ಕಡೆ ಅಸಲಿ ಆಟ ಮಾರುವ ಅಂಗಡಿ ಎಲ್ಲಿತ್ತು? ಇನ್ನೊಂದು ಕಾರಣ ನಮ್ಮ ರಕ್ತದಲ್ಲೇ ಇದೆ. ಕೊಂಡು ತಂದ ಗಿಡಕ್ಕಿಂತ ಕದ್ದು ತಂದ ಕಡ್ಡಿ ಚೆನ್ನಾಗಿ ಚಿಗುರುತ್ತದೆ ಎಂದು ನಂಬಿದವರು ನಾವು. ನಮ್ಮ ಬೀದಿಯ ಅರ್ಧ ಗುಲಾಬಿಗಳು ಹೀಗೇ ಬಂದವು. ಇನ್ನು, ಹಿಂದಿನವರು ಗ್ರಂಥವನ್ನು ಓಲೆಗರಿಗೆ ನಕಲು ಮಾಡಿ ಕೊನೆಯಲ್ಲಿ ತಮ್ಮ ಹೆಸರು ಬರೆದಿಡುತ್ತಿದ್ದರೆಂದು ಹೈಸ್ಕೂಲಿನಲ್ಲಿ ಕನ್ನಡದ ಮೇಷ್ಟ್ರು ಹೇಳಿದ್ದರು. ಬರೆದ ಕವಿ ಯಾರೋ, ಬೆನ್ನು ಬಗ್ಗಿಸಿ ನಕಲು ಮಾಡಿದವನು ಯಾರೋ. ಇಬ್ಬರ ಹೆಸರೂ ಉಳಿಯಿತು.

ಮಂಜನಿಗೂ ಹಾಗೇ ಆಯಿತು, ಅವನಿಗೇ ತಿಳಿಯದೆ. ನೆಂಟರು, ಗೆಳೆಯರು ಕೇಳಿದಾಗಲೆಲ್ಲ ತನ್ನ ಕಂಪ್ಯೂಟರಿನಲ್ಲಿ ಆಡಿ ಸವೆಸಿದ ಆಟವನ್ನೇ ಇದ್ದಂತೆ ಎತ್ತಿ ಫ್ಲಾಪಿಗೆ ತುಂಬಿ ಕೊಡುತ್ತಿದ್ದ. ಹೆಚ್ಚು ಅಂಕ ಪಡೆದವರ ಪಟ್ಟಿಯೂ ಅದರ ಜೊತೆಗೇ ಹೋಗುತ್ತಿತ್ತು. ಹೆಪ್ಪಿನ ಜೊತೆ ನಮ್ಮ ಮನೆ ಪಾತ್ರೆಯ ವಾಸನೆಯೂ ಹೋದ ಹಾಗೆ. ಹೀಗೆ ಚನ್ನರಾಯಪಟ್ಟಣ, ಅರಕಲಗೂಡುಗಳಲ್ಲಿ ಯಾರು ಆ ಆಟ ತೆರೆದರೂ ಪಟ್ಟಿಯ ಮೊದಲ ಸಾಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಮಂಜ ಎಂದಿರುತ್ತಿತ್ತು.

ಕಾಮಾಲೆ ಬಂದು ಮಂಜ ತೀರಿಕೊಂಡ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಕೆಲವು ತಿಂಗಳಿಗೆ ಕಂಪ್ಯೂಟರ್ ಕೆಟ್ಟಿತು. ರಿಪೇರಿಯವನು ಬಂದು ಕೂತು, "ಎಲ್ಲಾ ಅಳಿಸಿ ಚೊಕ್ಕ ಮಾಡಿವ್ನಿ ಸಾ, ಹೊಸದರಂಗೆ ಓಡ್ತದೆ," ಎಂದ. ಅಪ್ಪ ಅವನಿಗೆ ಕಾಫಿ ಕೊಡಿಸಿ ಕಳಿಸಿದರು.

ಪಟ್ಟಿ ಹೀಗೆ ಊರೂರಿಗೆ ಹೋದ ವಿಷಯ ನನಗೆ ತಿಳಿದದ್ದೇ ವರ್ಷದ ತಿಥಿಯ ದಿನ. ಚನ್ನರಾಯಪಟ್ಟಣದಿಂದ ಬಂದಿದ್ದ ಮಂಜನ ಗೆಳೆಯ, "ನಮ್ಮನೇಲಿ ಅವನ ಹೆಸ್ರೇ ಮ್ಯಾಲಿತ್ತು ಅಕ್ಕ, ಮೊನ್ನೆ ಆ ಕಂಪ್ಯೂಟರ್ ಮಾರ್ಬುಟ್ಟೆ," ಎಂದ. ಸಮಾಧಾನಕ್ಕೆಂದು ಹೇಳಿದ ಮಾತು. ನನಗೆ ಮೈಯೆಲ್ಲ ಉರಿಯಿತು. ನಮಗಿಲ್ಲದ ಮಂಜ ಇವನಿಗಿದ್ದ, ಇವನು ಮಾರಿಯೂ ಬಿಟ್ಟ. ಆ ಕಂಪ್ಯೂಟರನ್ನು ಕೊಂಡ, ಮುಖ ಕಾಣದ ಮನುಷ್ಯನ ಮೇಲೂ ಹೊಟ್ಟೆಕಿಚ್ಚು ಪಟ್ಟೆ.

ಮಂಜನಿಂದ ಆಟ ಒಯ್ದವರಲ್ಲಿ ನನಗೆ ಗೊತ್ತಿದ್ದಂತೆ ಇನ್ನು ಉಳಿದದ್ದು ಅರಕಲಗೂಡಿನ ಸರೋಜತ್ತೆ, ಅಪ್ಪನ ತಂಗಿ. ಭಾನುವಾರ ಬಸ್ಸು ಹತ್ತಿ ಹೋದೆ. ಅತ್ತೆ ಒಲೆಯ ಮೇಲೆ ಸಾರಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅದೇ ಆಟ ಆಡುತ್ತಿದ್ದರು. ಚೆಂಡು ಅವರ ಮಾತು ಕೇಳುತ್ತಿತ್ತು. ಅಂಕ ಏರುತ್ತಲೇ ಇತ್ತು. ಮಂಜನ ಹೆಸರು ಇದ್ದರೂ ಇವರು ಈಗ ಅದನ್ನು ಎರಡನೇ ಸಾಲಿಗೆ ತಳ್ಳಿಬಿಡುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಕೀಲಿಮಣೆಯಿಂದ ಕೈ ತೆಗೆದು ಸುಮ್ಮನೆ ಕೂತರು. ಚೆಂಡು ಬಿತ್ತು. ಪಟ್ಟಿ ಬಂತು. ಮೊದಲ ಸಾಲು ಮಂಜ. ಎರಡನೆಯದು ಸರೋಜ, ಮೂರನೆಯದೂ ಸರೋಜ.

"ಯಾಕತ್ತೆ ಬಿಟ್ರಿ?"

"ಅವನ್ನ ದಾಟ್ಬಾರ್ದು ಕಣವ್ವ. ಅತ್ರಕ್ಕೆ ಬಂದೇಟ್ಗೆ ಬುಟ್ಬುಡ್ತೀನಿ. ನಿಮ್ಮ ಮಾವಯ್ಯಂಗೂ ಏಳಿವ್ನಿ, ಆಡಾದಾದ್ರೆ ಅಂಗೇ ಆಡಿ ಅಂತ." ಆಮೇಲೆ ಸಾರು ನೋಡಲು ಎದ್ದರು.

ಮಾವಯ್ಯನ ಕೈಯಲ್ಲೇ ಆಟವನ್ನು ಪಟ್ಟಿ ಸಮೇತ ಫ್ಲಾಪಿಗೆ ತುಂಬಿಸಿಕೊಂಡು ಬಂದೆ. ಕದ್ದದ್ದರ ನಕಲಿನ ನಕಲು. ಅಪ್ಪ ಆ ಸಾಲನ್ನು ಬಹಳ ಹೊತ್ತು ನೋಡಿದರು. ಹಸುವಿನ ಮಾತು ಎತ್ತಲಿಲ್ಲ. ನಕಲು ಮಾಡುವುದು ಸರಿಯೇ ಎಂದು ನೀವು ಕೇಳಿದರೆ, ಅಲ್ಲ, ಅಪ್ಪ ಅಂದಿದ್ದೇ ಸರಿ ಅನ್ನುತ್ತೇನೆ. ಹಾಗಾದರೆ ವಾಪಸು ಕೊಡುತ್ತೀಯಾ ಎಂದು ಮಾತ್ರ ಕೇಳಬೇಡಿ. ಅಸಲಿ ಆಟದ ಪೆಟ್ಟಿಗೆ ಕೊಂಡಿದ್ದರೆ ಅದರ ಪಟ್ಟಿಯಲ್ಲಿ ಊರು ಗೊತ್ತಿಲ್ಲದ ಯಾರ್‍ಯಾರದೋ ಹೆಸರು ಇರುತ್ತಿತ್ತು.

ಅತ್ತೆಯ ಮೇಲಿನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಆರಿಲ್ಲ. ಅವರು ಅವನ ಹತ್ತಿರದವರೆಗೆ ಹೋಗಿ, ಬೇಕೆಂದೇ ಸೋತು ಬರಬಲ್ಲರು. ನನಗೆ ಆ ಭಾಗ್ಯವಿಲ್ಲ. ದಿನವೂ ಸಂಜೆ ನಾನೂ ಕೂತು ಮನಸಿಟ್ಟು, ಗೆಲ್ಲಲೆಂದೇ ಆಡುತ್ತೇನೆ. ಹಲಗೆ ಎಡಕ್ಕೆ, ಚೆಂಡು ಬಲಕ್ಕೆ. ಮಂಜನಿಗೇನೂ ಭಯ ಇಲ್ಲ.